ರೇಡಿಯೊದಲ್ಲಿ ಊರಿನ ಸುದ್ದಿ ಹೇಳಿದರೆ ಲೈಸೆನ್ಸ್ ಹೋಗುತ್ತಾ?

ಬಾನುಲಿ ಗೆಳತಿ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಸಮುದಾಯ ಬಾನುಲಿಯಲ್ಲಿ, ಅಂದರೆ ಊರಿನವರಿಗಾಗಿ ಸಂಘ ಸಂಸ್ಥೆ ನಡೆಸುವ ಪುಟ್ಟ ರೇಡಿಯೊದಲ್ಲಿ, ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಊರಿನ ಹೆಸರು, ಕೇಂದ್ರದ ಹೆಸರು ಬೇಡ. ನಮ್ಮದು 100 ವ್ಯಾಟ್ ಟ್ರಾನ್ಸ್‌ಮಿಟರ್. ಸುತ್ತ ಹತ್ತು ಹನ್ನೆರಡು ಕಿಲೋಮೀಟರ್ ಕೇಳಿಸುತ್ತದೆ, ಗುಡ್ಡದ ಆಚೆ ಕೇಳಿಸಲ್ಲ.

ಹೋದ ವಾರ ಫೋನ್‌ಇನ್ ಕಾರ್ಯಕ್ರಮ ಇತ್ತು. ವಿಷಯ ಹಬ್ಬದ ಅಡುಗೆ. ಒಬ್ಬರು ಅಜ್ಜಿ ಫೋನ್ ಮಾಡಿ ಹೋಳಿಗೆಯ ಹೂರಣ ಹೇಗೆ ರುಬ್ಬಬೇಕು ಅಂತ ಚೆನ್ನಾಗಿ ಹೇಳುತ್ತಿದ್ದರು. ಮಧ್ಯದಲ್ಲಿ, "ಆದ್ರೆ ಬೇಳೆ ಬೇಯಿಸೋದು ಯಾತರಾಗೆ ಕಣವ್ವ? ನಲ್ಲೀಲಿ ಹಳದಿ ನೀರು ಬರ್ತಾ ಐತೆ, ಹದಿನೈದು ದಿನ ಆಯ್ತು. ಪಂಚಾಯ್ತಿಯೋರು ಈ ಕಡೆ ತಲೆ ಹಾಕಿಲ್ಲ" ಅಂದರು. ನನ್ನ ಕೈ ತಾನಾಗೇ ಫೇಡರ್ ಮೇಲೆ ಹೋಯಿತು. ಅಜ್ಜಿಯ ದನಿ ಇಳಿಸಿ ಹಾಡು ಹಾಕಿಬಿಟ್ಟೆ. ಫೋನಿನಲ್ಲಿ ಅವರು ಇನ್ನೂ ಮಾತಾಡುತ್ತಲೇ ಇದ್ದರು. ಇಯರ್‌ಫೋನಿನಲ್ಲಿ ನನಗೆ ಮಾತ್ರ ಕೇಳಿಸುತ್ತಿತ್ತು.

ಯಾಕೆ ಹಾಗೆ ಮಾಡಿದೆ ಅಂದರೆ, ನಮಗೆ ಸುದ್ದಿ ಹೇಳುವ ಹಾಗಿಲ್ಲ. ನಿಯಮ ಓದಿದರೆ ಹೀಗಿದೆ: ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಾಯಿಸದೆ ಮರುಪ್ರಸಾರ ಮಾಡಬಹುದು. ನೀರು, ಕರೆಂಟು, ಆರೋಗ್ಯದ ಎಚ್ಚರಿಕೆ ಇವನ್ನು ಸ್ಥಳೀಯ ಆಡಳಿತ ಕೊಟ್ಟ ಹಾಗೆ ಹೇಳಬಹುದು. ಅಂದರೆ "ನಾಳೆ ನೀರು ಬಿಡುತ್ತಾರೆ" ಅಂತ ಪಂಚಾಯ್ತಿಯವರು ಬರೆದು ಕೊಟ್ಟರೆ ಓದಬಹುದು. "ಬಿಟ್ಟ ನೀರು ಕೊಳಕಾಗಿದೆ" ಅಂತ ಅಜ್ಜಿ ಹೇಳಿದರೆ ಅದು ಸುದ್ದಿಯಾಗಿಬಿಡುತ್ತದಾ?

ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ನಾನು ಮಾಡಿದ್ದು ಸರೀನಾ? ನಿಮಗೇನು ಅನಿಸುತ್ತದೆ?

ಕೆರೆ ಏರಿ:
ತಪ್ಪು ಮಾಡಿದಿರಿ ಅಕ್ಕ. ಬೇಜಾರು ಮಾಡ್ಕೋಬೇಡಿ, ಆದರೆ ತಪ್ಪು.

ಧಾರವಾಡದ ಮಾವ:
ಅವರ ಜಾಗದಾಗ ನೀವಿದ್ರ ಏನ್ ಮಾಡ್ತಿದ್ರಿ ಹೇಳ್ರಿ? ಲೈಸೆನ್ಸ್ ಹೋದ್ರ ಇಡೀ ಕೇಂದ್ರನೇ ಬಂದ್ ಆಗ್ತದ. ಮೊದಲ ಅದನ್ನ ವಿಚಾರ ಮಾಡ್ರಿ.

ಹ್ಯಾಮ್ ಹುಡುಗ:
ನಾನು ಹವ್ಯಾಸಿ ರೇಡಿಯೊದವನು. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡಿದ್ದೇನೆ. ಲೈಸೆನ್ಸೇ ಬೇಡ ಅನ್ನುವವರ ಜೊತೆ ನಾನಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಫ್‌ಎಂ ಇರುವುದು 88ರಿಂದ 108 ಮೆಗಾಹರ್ಟ್ಸ್ ತನಕ. 108 ದಾಟಿದ ಕೂಡಲೇ ವಿಮಾನಗಳಿಗೆ ಮೀಸಲಾದ ಅಲೆಗಳು ಶುರು. ಯಾರೋ ಅಗ್ಗದ ಟ್ರಾನ್ಸ್‌ಮಿಟರ್ ತಂದು ಫಿಲ್ಟರ್ ಇಲ್ಲದೆ ಹಚ್ಚಿದರೆ ಅದರ ಕಚ್ಚಾ ಅಲೆ ಅಲ್ಲಿಗೆ ಹರಿಯುತ್ತದೆ. ಪೈಲಟ್ ಕಿವಿಯಲ್ಲಿ ಹಾಡು ಕೇಳಿಸಿದರೆ ಏನು ಗತಿ? ಇನ್ನು ಒಂದೇ ಊರಲ್ಲಿ ಇಬ್ಬರು 90.4ರಲ್ಲಿ ನಿಂತರೆ ಇಬ್ಬರದ್ದೂ ಕೇಳಿಸಲ್ಲ. ರಸ್ತೆಗೆ ಸಿಗ್ನಲ್ ಬೇಕಲ್ವಾ, ಹಾಗೆ.

ಆದರೆ ಸಿಗ್ನಲ್ಲಿನ ಪೊಲೀಸ್ ಗಾಡಿ ನಿಲ್ಲಿಸಿ, "ಒಳಗೆ ಏನು ಮಾತಾಡ್ತಾ ಇದ್ದೀರಿ?" ಅಂತ ಕೇಳಲ್ಲ. ಯಾವ ಅಲೆ, ಎಷ್ಟು ವ್ಯಾಟ್, ಕಂಬ ಎಷ್ಟು ಎತ್ತರ, ಇದನ್ನು ಸರ್ಕಾರ ಹೇಳಲಿ. ಮಾತು ಏನು ಅನ್ನೋದು ಬೇರೆ ವಿಷಯ. ನಮ್ಮಲ್ಲಿ ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೊಡುತ್ತಾರೆ. ತೊಂದರೆ ಇರುವುದು ಅಲ್ಲಿ.

ಬಾನುಲಿ ಗೆಳತಿ:
ಹ್ಯಾಮ್ ಹುಡುಗ, ನೀವು ಹೇಳಿದ್ದು ಪೂರ್ತಿ ಒಪ್ಪಿದೆ. ನಮ್ಮ ಟ್ರಾನ್ಸ್‌ಮಿಟರ್ ತಪಾಸಣೆಗೆ ಬಂದರೆ ನಮಗೇನೂ ಬೇಜಾರಿಲ್ಲ.

ಒಂಟಿಕೊಪ್ಪಲು ಮೇಷ್ಟ್ರು:
ಈ ವಿಷಯ ಬಂದಾಗ ಮೈಸೂರಿನವರು ಸುಮ್ನೆ ಇರೋಕಾಗಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಪುಟ್ಟ ಟ್ರಾನ್ಸ್‌ಮಿಟರ್, ಇವತ್ತಿನ ಸಮುದಾಯ ಬಾನುಲಿಯದ್ದಕ್ಕಿಂತಲೂ ಕಮ್ಮಿ ಶಕ್ತಿಯದ್ದು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಒಬ್ಬ ಮೇಷ್ಟ್ರ ಮನೆಯಿಂದ ಬಂದ ಹೆಸರನ್ನು ಆಮೇಲೆ ಇಡೀ ದೇಶದ ಸರ್ಕಾರಿ ರೇಡಿಯೊ ಹೊತ್ತುಕೊಂಡಿತು. 1942ರಲ್ಲಿ ಮೈಸೂರು ಸಂಸ್ಥಾನ ಆ ಕೇಂದ್ರವನ್ನು ವಹಿಸಿಕೊಂಡಿತು.

ಕೆರೆ ಏರಿ:
ಮೇಷ್ಟ್ರೇ, ಅದು ಬೆಂಗಳೂರಿನ ಕೇಂದ್ರ ಅಲ್ವಾ?

ಒಂಟಿಕೊಪ್ಪಲು ಮೇಷ್ಟ್ರು:
ಅಲ್ಲಪ್ಪ. ಬೆಂಗಳೂರು ಕೇಂದ್ರ ಬಂದಿದ್ದು 1955ರಲ್ಲಿ. ಮೈಸೂರಿನದ್ದು ಅದಕ್ಕೆ ಇಪ್ಪತ್ತು ವರ್ಷ ಮೊದಲು.

ಅಂಚೆ ಮನೆ:
ನಮ್ಮಪ್ಪ ಅಂಚೆ ಕಚೇರಿಯಲ್ಲಿದ್ದರು. ಆಗ ರೇಡಿಯೊ ಕೇಳೋದಕ್ಕೂ ಲೈಸೆನ್ಸ್ ಬೇಕಿತ್ತು ಅಂದರೆ ನನ್ನ ಮಗಳು ನಂಬಲ್ಲ. ಚಿಕ್ಕ ಪುಸ್ತಕ. ವರ್ಷಕ್ಕೆ 15 ರೂಪಾಯಿ ಕಟ್ಟಿ ಅದಕ್ಕೆ ಸ್ಟಾಂಪ್ ಹಚ್ಚಿಸಿಕೊಳ್ಳಬೇಕು. ಪುಸ್ತಕದಲ್ಲಿ ಸೆಟ್ಟಿನ ಕಂಪನಿ, ನಂಬರ್ ಎಲ್ಲ ಬರೆದಿರೋರು. ಇನ್‌ಸ್ಪೆಕ್ಟರ್ ಬಂದಿದ್ದಾರೆ ಅಂತ ಗೊತ್ತಾದರೆ ಬೀದಿಯಲ್ಲಿ ಒಂದೊಂದೇ ರೇಡಿಯೊ ನಿಂತು ಹೋಗುತ್ತಿತ್ತಂತೆ. ಎಂಬತ್ತರ ದಶಕದಲ್ಲಿ ಅದು ಹೋಯಿತು. ಪುಸ್ತಕ ನಮ್ಮ ಬೀರುವಿನಲ್ಲಿ ಇನ್ನೂ ಇದೆ. ಅಪ್ಪನ ಕೈಬರಹ ಇರೋದರಿಂದ ಎಸೆಯೋಕೆ ಮನಸ್ಸು ಬಂದಿಲ್ಲ.

ಧಾರವಾಡದ ಮಾವ:
ನಮ್ಮ ಮನ್ಯಾಗೂ ಇತ್ತು! ಮರ್ಫಿ ಸೆಟ್ಟು, ಅದಕ್ಕ ನಮ್ಮವ್ವ ಹೊಲಿದ ಕಸೂತಿ ಹೊದಿಕೆ.

ಶಿರಸಿ ವಕೀಲ:
ವಿಷಯಕ್ಕೆ ಬರೋಣ. ಕಾನೂನು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಉಳಿದದ್ದು ಅರ್ಥವಾಗುತ್ತದೆ.

ಬಹಳ ವರ್ಷ ಇಲ್ಲಿ ರೇಡಿಯೊ ನಡೆದದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಮೇಲೆ. ಆ ವರ್ಷ ರೇಡಿಯೊ ಅನ್ನೋದೇ ಇರಲಿಲ್ಲ. ತಂತಿ ಕಳಿಸುವ ಹಕ್ಕು ಸರ್ಕಾರದ್ದು ಅಂತ ಬ್ರಿಟಿಷರು ಬರೆದುಕೊಂಡರು, ಆಮೇಲೆ ತಂತಿಯಿಲ್ಲದ್ದನ್ನೂ ಅದೇ ಮಾತಿನೊಳಗೆ ಸೇರಿಸಿದರು. 1933ರಲ್ಲಿ ವೈರ್‌ಲೆಸ್ ಕಾಯ್ದೆ ಬಂತು. ಅಂಚೆ ಮನೆಯವರ ಬೀರುವಿನ ಪುಸ್ತಕ ಆ ಕಾಲದ್ದೇ ಕೂಸು. ಜನ ಏನು ಕೇಳುತ್ತಾರೆ, ಏನು ಹೇಳುತ್ತಾರೆ ಅಂತ ಆಳುವವರಿಗೆ ಭಯ ಇತ್ತು. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಬಾಂಬೆಯಲ್ಲಿ ಜಾಗ ಬದಲಾಯಿಸುತ್ತಾ ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿ ಜೈಲಿಗೆ ಹೋದರಲ್ಲ, ಅವರ ಹತ್ತಿರವೂ ಲೈಸೆನ್ಸ್ ಇರಲಿಲ್ಲ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ. ಆದರೂ ಅನುಮತಿ ಕೊಡುವ ಕೈ ಕೇಂದ್ರ ಸರ್ಕಾರದ್ದೇ.

ದೊಡ್ಡ ತಿರುವು ಬಂದಿದ್ದು 1995ರ ಫೆಬ್ರವರಿಯಲ್ಲಿ. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಅವನ್ನು ಸರ್ಕಾರ ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ, ಮಾತಿನ ಹಕ್ಕಿನಲ್ಲಿ ಪ್ರಸಾರವೂ ಸೇರಿದೆ ಅಂತಲೂ ಹೇಳಿತು. ಅಲೆಗಳು ಕಮ್ಮಿ ಇರುವುದರಿಂದ ಹಂಚುವ ವ್ಯವಸ್ಥೆ ಇರಲಿ ಅಂತ ಒಪ್ಪಿತು. ಮಾತಿಗೆ ಹಾಕಬಹುದಾದ ತಡೆ ಯಾವುದು ಅಂದರೆ, ಸಂವಿಧಾನದ 19(2)ರಲ್ಲಿ ಇರುವಷ್ಟು. ಆ ಪಟ್ಟಿಯಲ್ಲಿ ದೇಶದ ಭದ್ರತೆ ಇದೆ, ಮಾನನಷ್ಟ ಇದೆ. ನಲ್ಲಿ ನೀರು ಇಲ್ಲ.

ಕೆರೆ ಏರಿ:
ಕ್ರಿಕೆಟ್ ಕೇಸಿನಿಂದ ರೇಡಿಯೊ ತೀರ್ಪು ಹೇಗೆ ಬಂತು ಸರ್?

ಶಿರಸಿ ವಕೀಲ:
1993ರ ಹೀರೊ ಕಪ್. ಪ್ರಸಾರದ ಹಕ್ಕನ್ನು ಹೊರಗಿನ ಕಂಪನಿಗೆ ಕೊಟ್ಟಿದ್ದಕ್ಕೆ ದೂರದರ್ಶನದ ಜೊತೆ ಜಗಳ. ಅದು ಕೋರ್ಟಿಗೆ ಹೋಗಿ ಟಿವಿ, ರೇಡಿಯೊ ಎರಡಕ್ಕೂ ಅನ್ವಯಿಸುವ ಮಾತು ಬಂತು.

ಚಾಮರಾಜಪೇಟೆ:
ಹೀರೊ ಕಪ್ ಫೈನಲ್!! ಕುಂಬ್ಳೆ 12 ರನ್ನಿಗೆ 6 ವಿಕೆಟ್!! ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸ್ ಮಕಾಡೆ. ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಧಾರವಾಡದ ಮಾವ:
ಅದನ್ನ ಮರಿಯೋದುಂಟೇನ್ರಿ! ನೋಡೂ ಮುಂದ ವಿಕೆಟ್ ಬೀಳ್ತಿದ್ವು.

ನಿವೃತ್ತ ನೌಕರ:
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ಇನ್ನೊಂದು ಕಡೆಯನ್ನು ನಾನು ಹೇಳುತ್ತೇನೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬೇಕು. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಸುಳ್ಳು ಸುದ್ದಿ ಹಬ್ಬಿತು. ಸಾವಿರಾರು ಜನ ಹೆದರಿ ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಂ ಮೇಲೆ ಚಿಕ್ಕ ಚಿಕ್ಕ ಹುಡುಗರು ಬ್ಯಾಗ್ ಅಪ್ಪಿಕೊಂಡು ಕೂತಿದ್ದನ್ನು ನಾನೇ ನೋಡಿದ್ದೇನೆ. ನೂರಾರು ರೇಡಿಯೊಗಳಿಗೆ ಸುದ್ದಿ ಬಿಟ್ಟುಕೊಟ್ಟರೆ ಇಂಥದ್ದು ಇನ್ನೂ ಜಾಸ್ತಿ ಆಗಲ್ವಾ? ರುವಾಂಡಾದಲ್ಲಿ 1994ರ ನರಮೇಧದಲ್ಲಿ ರೇಡಿಯೊ ಏನು ಮಾಡಿತು ಗೊತ್ತಲ್ಲ?

ಹ್ಯಾಮ್ ಹುಡುಗ:
ಸರ್, 2012ರ ಗಾಳಿಸುದ್ದಿ ಹಬ್ಬಿದ್ದು ಎಸ್‌ಎಂಎಸ್‌ನಲ್ಲಿ, ಇಂಟರ್‌ನೆಟ್ಟಿನಲ್ಲಿ. ಅದಕ್ಕೇ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸಬೇಡಿ ಅಂತ ಮಿತಿ ಹಾಕಿದ್ದು. ಮೆಸೇಜ್ ಮೊದಲು ಕಳಿಸಿದವರು ಯಾರು ಅಂತ ಹುಡುಕಲು ಪೊಲೀಸರು ಪಟ್ಟ ಪಾಡು ನೆನಪಿಸಿಕೊಳ್ಳಿ. ರೇಡಿಯೊಗೆ ವಿಳಾಸ ಇದೆ. ಕಂಬ ಇದೆ. ಮಾತಾಡಿದವರ ಹೆಸರು ಊರಿಗೆಲ್ಲ ಗೊತ್ತು.

ಬಾನುಲಿ ಗೆಳತಿ:
ಅದರ ಜೊತೆ ಇದನ್ನೂ ಸೇರಿಸುತ್ತೇನೆ. ಪ್ರಸಾರ ಮಾಡಿದ ಪ್ರತಿ ಕಾರ್ಯಕ್ರಮವನ್ನೂ ಮೂರು ತಿಂಗಳು ಕಾಪಾಡಬೇಕು ಅಂತ ನಿಯಮ ಇದೆ. ನಾನು ದಿನಾ ರಾತ್ರಿ ಹಾರ್ಡ್ ಡಿಸ್ಕ್‌ಗೆ ಹಾಕಿ, ಡಬ್ಬಿ ಮೇಲೆ ತಾರೀಕು ಬರೆದೇ ಮನೆಗೆ ಹೋಗೋದು. ತಪ್ಪು ಮಾತಾಡಿದರೆ ಪುರಾವೆ ನಮ್ಮ ಬೀಗದ ಬೀರುವಿನಲ್ಲೇ ಇರುತ್ತದೆ. ವಾಟ್ಸಾಪಿನಲ್ಲಿ ಇಷ್ಟು ಜವಾಬ್ದಾರಿ ಯಾರಿಗಿದೆ ಹೇಳಿ ಸರ್?

ಶಿರಸಿ ವಕೀಲ:
ರುವಾಂಡಾದ ಮಾತು ಬಂತು, ಅದನ್ನು ಹಗುರವಾಗಿ ತಗೋಬಾರದು. ಆರ್‌ಟಿಎಲ್‌ಎಂ ಅನ್ನುವ ಆ ರೇಡಿಯೊ ಜನರ ಹೆಸರು ಹೇಳಿ ಹೇಳಿ ಕೊಲ್ಲಿಸಿತು. ಆದರೆ ಅದು ಕದ್ದು ನಡೆಸಿದ ರೇಡಿಯೊ ಅಲ್ಲ. 1993ರಲ್ಲಿ ಆಳುವವರ ಬಳಗದವರೇ ಶುರು ಮಾಡಿದ್ದು. ಅನುಮತಿ ಅನ್ನೋದು ಅಲ್ಲಿ ಯಾರನ್ನೂ ಕಾಪಾಡಲಿಲ್ಲ. ಮುಂದೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅದರ ಮುಖ್ಯಸ್ಥರಿಗೆ ಶಿಕ್ಷೆ ಕೊಟ್ಟಿದ್ದು ಆಡಿದ ಮಾತಿಗಾಗಿ. ದ್ವೇಷದ ಮಾತಿಗೆ ಶಿಕ್ಷೆ ಇರಲಿ, ಕಠಿಣವಾಗಿಯೇ ಇರಲಿ. ಮಾತಾಡುವ ಮೊದಲೇ ಎಲ್ಲರ ಬಾಯಿ ಕಟ್ಟುವುದು ಅದಕ್ಕೆ ಉತ್ತರ ಅಲ್ಲ.

ನಿವೃತ್ತ ನೌಕರ:
ಶಿಕ್ಷೆ ಆಗೋಷ್ಟರಲ್ಲಿ ಜನ ಸತ್ತಿರುತ್ತಾರೆ ವಕೀಲರೇ. ನನ್ನ ಚಿಂತೆ ಅದು.

ಶಿರಸಿ ವಕೀಲ:
ನಿಮ್ಮ ಚಿಂತೆ ನ್ಯಾಯವಾದದ್ದೇ. ತುರ್ತಿನಲ್ಲಿ ಪ್ರಸಾರ ನಿಲ್ಲಿಸುವ ಅಧಿಕಾರ ಇರಲಿ, ಆದರೆ ಲಿಖಿತ ಕಾರಣ ಇರಲಿ, ಕೋರ್ಟಿಗೆ ಹೋಗುವ ದಾರಿ ಇರಲಿ. ಈಗ ಇರುವುದು ತುರ್ತಿನ ತಡೆ ಅಲ್ಲ ಸರ್, ವರ್ಷದ 365 ದಿನದ ತಡೆ.

ಚಾಮರಾಜಪೇಟೆ:
ಒಂದು ಸಣ್ಣ ಪ್ರಶ್ನೆ. ಟಿವಿಯಲ್ಲಿ 24 ಗಂಟೆ ಸುದ್ದಿ. ಪೇಪರ್, ಯೂಟ್ಯೂಬ್ ಎಲ್ಲದರಲ್ಲೂ ಸುದ್ದಿ. ಎಫ್‌ಎಂನಲ್ಲಿ ಮಾತ್ರ ಯಾಕಿಲ್ಲ? ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೇ ನಮ್ಮ ಬೆಂಗಳೂರಿನಲ್ಲಿ, 2001ರ ಜುಲೈ, ರೇಡಿಯೊ ಸಿಟಿ. ಅವತ್ತಿಂದ ಕೇಳ್ತಾ ಇದ್ದೀನಿ. ಟ್ರಾಫಿಕ್ ಜಾಮ್ ಎಲ್ಲಿದೆ ಅಂತ ಹೇಳ್ತಾರೆ. ರಸ್ತೆ ಯಾಕೆ ಅಗೆದು ಬಿಟ್ಟಿದ್ದಾರೆ ಅಂತ ಹೇಳಲ್ಲ.

ಶಿರಸಿ ವಕೀಲ:
ಅದೇ ಪ್ರಶ್ನೆ ಇಟ್ಟುಕೊಂಡು ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ಸರ್ಕಾರ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಿಕೊಳ್ಳಿ, ದುಡ್ಡು ಬೇಡ ಅಂತ ಖಾಸಗಿ ಎಫ್‌ಎಂಗಳಿಗೆ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಗಂಟೆಗೆ ಹತ್ತು ನಿಮಿಷ ಸ್ವಂತ ಸುದ್ದಿಗೆ ಅವಕಾಶ ಕೊಡಿ ಅಂತ ಶಿಫಾರಸು ಮಾಡಿತು. ಸರ್ಕಾರದ ಸಂಸ್ಥೆಯೇ ಹೀಗೆ ಹೇಳಿದೆ ಅನ್ನೋದನ್ನು ಗಮನಿಸಿ. ಆದರೆ ಅದು ಖಾಸಗಿ ಎಫ್‌ಎಂ ಮಾತು. ಹಳ್ಳಿ ಬಾನುಲಿಯ ಪರವಾಗಿ ಕೇಳುವವರೇ ಇಲ್ಲ.

ಕೋಲಾರದ ಮಣ್ಣು:
ಹಳ್ಳಿ ಬಾನುಲಿ ಅಂದಿರಿ, ಬೂದಿಕೋಟೆ ನೆನಪಾಯಿತು. ಹೈದರಾಲಿ ಹುಟ್ಟಿದ ಊರು, ಬಂಗಾರಪೇಟೆ ತಾಲೂಕು. ಅಲ್ಲಿ 2001ರ ಹೊತ್ತಿಗೇ 'ನಮ್ಮ ಧ್ವನಿ' ಶುರುವಾಗಿತ್ತು. ಸಂಘದ ಹೆಂಗಸರೇ ಮೈಕ್ ಹಿಡಿದು ಕಾರ್ಯಕ್ರಮ ಮಾಡೋರು. ಗಾಳಿಯಲ್ಲಿ ಬಿಡೋಕೆ ಲೈಸೆನ್ಸ್ ಇಲ್ಲ. ಅದಕ್ಕೆ ಏನು ಮಾಡಿದರು ಅಂದರೆ ಕೇಬಲ್ ಎಳೆದು ಮನೆಮನೆಗೆ ಕೇಳಿಸಿದರು! ಗಾಳಿ ಸರ್ಕಾರದ್ದು, ತಂತಿ ನಮ್ಮದು ಅಂತ. ಸರ್ಕಾರ ಸಂಘ ಸಂಸ್ಥೆಗಳಿಗೆ ಬಾಗಿಲು ತೆರೆದಿದ್ದು 2006ರ ನವೆಂಬರಿನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1996ರಲ್ಲಿ, ಸಮುದಾಯ ಬಾನುಲಿ ಬೇಕು ಅಂತ ಬೆಂಗಳೂರಿನಲ್ಲಿ ಸೇರಿ ಘೋಷಣೆ ಹೊರಡಿಸಿದ್ದರು.

ಜಹೀರಾಬಾದ್ ಗಡಿ:
ನಾನು ಬೀದರ್ ಕಡೆಯವನು. ಗಡಿ ದಾಟಿದರೆ ಸಂಗಂ ರೇಡಿಯೊ ಇದೆ, ಮಾಚನೂರಿನಲ್ಲಿ. ದಲಿತ ಹೆಣ್ಣುಮಕ್ಕಳು ನಡೆಸುವ ಕೇಂದ್ರ. ತೊಂಬತ್ತರ ದಶಕದ ಕೊನೆಯಿಂದಲೇ ಧ್ವನಿಮುದ್ರಣ ಮಾಡಿ ಕ್ಯಾಸೆಟ್‌ನಲ್ಲಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಗಾಳಿಗೆ ಬಂದಿದ್ದು 2008ರ ಅಕ್ಟೋಬರ್. ಅವರ ಬಿತ್ತನೆ ಬೀಜದ ಮಾತು, ರಾಗಿ ನವಣೆಯ ಮಾತು ಕೇಳಬೇಕು ನೀವು. ಹತ್ತು ವರ್ಷ ಕಾದರು ಆ ತಾಯಂದಿರು.

ಟೊರೊಂಟೊ ಕನ್ನಡತಿ:
ಇಲ್ಲೂ ಲೈಸೆನ್ಸ್ ಇದೆ. ಸಿಆರ್‌ಟಿಸಿ ಅನ್ನೋ ಸಂಸ್ಥೆ ಕೊಡುತ್ತದೆ, ಮಂತ್ರಿ ಕಚೇರಿ ಅಲ್ಲ. ಸಮುದಾಯ ರೇಡಿಯೊ, ಕಾಲೇಜು ರೇಡಿಯೊ ಎಲ್ಲವೂ ಊರಿನ ಸುದ್ದಿ ಹೇಳುತ್ತವೆ, ಮೇಯರನ್ನು ಬೈಯುತ್ತವೆ. ಹಾಗಂತ ಎಲ್ಲ ಸರಿ ಇದೆ ಅಂತಲ್ಲ. 2011ರಲ್ಲಿ ನಮ್ಮೂರಿನ ಸಿಕೆಎಲ್‌ಎನ್ ಅನ್ನೋ ಕೇಂದ್ರದ ಲೈಸೆನ್ಸ್ ರದ್ದು ಮಾಡಿದರು. ತುಂಬಾ ಜನಕ್ಕೆ ನೋವಾಯಿತು. ಆದರೆ ಬಹಿರಂಗ ವಿಚಾರಣೆ ಆಯಿತು, ತೀರ್ಪನ್ನು ಬರೆದು ಪ್ರಕಟಿಸಿದರು. ಯಾಕೆ ಮುಚ್ಚಿದರು ಅಂತ ಯಾರು ಬೇಕಾದರೂ ಓದಿ ಜಗಳ ಆಡಬಹುದು.

ಕೆರೆ ಏರಿ:
ಅಷ್ಟು ದೂರ ಯಾಕೆ ಅಕ್ಕ, ಪಕ್ಕದ ನೇಪಾಳ ನೋಡಿ. ರೇಡಿಯೊ ಸಾಗರಮಾಥಾಗೆ 1997ರಲ್ಲೇ ಲೈಸೆನ್ಸ್ ಸಿಕ್ಕಿತು. 2005ರಲ್ಲಿ ರಾಜ ಜ್ಞಾನೇಂದ್ರ ಅಧಿಕಾರ ಹಿಡಿದಾಗ ಎಫ್‌ಎಂಗಳಲ್ಲಿ ಸುದ್ದಿ ಬಂದ್. ಓದಬಾರದು ತಾನೇ ಅಂತ ಅಲ್ಲಿನವರು ಸುದ್ದಿಯನ್ನು ಹಾಡಿದರು. ನಿಜವಾಗಿಯೂ ರಾಗ ಹಾಕಿ ಹಾಡಿದರು!

ಒಂಟಿಕೊಪ್ಪಲು ಮೇಷ್ಟ್ರು:
ನಮ್ಮ ಲಾವಣಿಯವರು ಮಾಡುತ್ತಿದ್ದದ್ದೂ ಅದೇ ಅಲ್ವೇನಪ್ಪ. ಊರೂರು ತಿರುಗಿ ಬರಗಾಲದ ಸುದ್ದಿ, ದಂಗೆಯ ಸುದ್ದಿ ಎಲ್ಲ ಹಾಡುತ್ತಿದ್ದರು. ಅವರಿಗೆ ಯಾರು ಲೈಸೆನ್ಸ್ ಕೊಟ್ಟಿದ್ದರು?

ಅಂಚೆ ಮನೆ:
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಕೇಂದ್ರ ನಡೆಯೋದು ಹೇಗೆ?

ಬಾನುಲಿ ಗೆಳತಿ:
ಕಷ್ಟ ಅಕ್ಕ. ಜಾಹೀರಾತಿಗೆ ಗಂಟೆಗೆ ಇಷ್ಟೇ ನಿಮಿಷ ಅಂತ ಮಿತಿ. ಮೊದಲು 5 ನಿಮಿಷ ಇತ್ತು, 7 ಆಯಿತು, 2024ರಲ್ಲಿ 12 ಮಾಡಿದರು. ಹಳ್ಳಿಯಲ್ಲಿ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ ಬಿಟ್ಟರೆ ಜಾಹೀರಾತು ಕೊಡೋರು ಯಾರು? 2012ರಲ್ಲಿ ಅಲೆಯ ಶುಲ್ಕವನ್ನು ವರ್ಷಕ್ಕೆ 19,700ರಿಂದ 91,000 ರೂಪಾಯಿಗೆ ಏರಿಸಿದ್ದರು. ಕೇಂದ್ರಗಳೆಲ್ಲ ಗಲಾಟೆ ಮಾಡಿದ ಮೇಲೆ ಇಳಿಸಿದರು. ಹೀಗಾಗಿ ಸರ್ಕಾರಿ ಇಲಾಖೆಗಳ ಜಾಹೀರಾತು ನಮಗೆ ದೊಡ್ಡ ಆಸರೆ. ಅದೂ ನಮ್ಮ ಬಾಯಿ ಕಟ್ಟುತ್ತದೆ. ಇದನ್ನು ಯಾವ ನಿಯಮದಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಕೋಲಾರದ ಮಣ್ಣು:
ಇದು ನೋಡಿ ನಿಜವಾದ ಮಾತು.

ಶಿರಸಿ ವಕೀಲ:
ಗೆಳತಿಯವರೇ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮಾರ್ಗಸೂಚಿಯನ್ನು ಇನ್ನೊಂದು ಸಲ ಓದಿ. ಆರೋಗ್ಯ, ಪರಿಸರ, ಕೃಷಿ, ಸಮುದಾಯದ ಅಭಿವೃದ್ಧಿ ಇವುಗಳ ಕಾರ್ಯಕ್ರಮಕ್ಕೆ ಒತ್ತು ಕೊಡಿ ಅಂತ ಅದರಲ್ಲೇ ಇದೆ. ಅರ್ಧದಷ್ಟಾದರೂ ಕಾರ್ಯಕ್ರಮವನ್ನು ಊರಿನವರನ್ನು ಸೇರಿಸಿಕೊಂಡೇ ತಯಾರಿಸಬೇಕು ಅಂತಲೂ ಇದೆ. ಕುಡಿಯುವ ನೀರು ಆರೋಗ್ಯ ಅಲ್ವಾ? ಅಜ್ಜಿ ಊರಿನವರಲ್ವಾ? "ಇಂದಿನ ಸುದ್ದಿ" ಅಂತ ಓದಬೇಡಿ. ನೀರಿನ ಬಗ್ಗೆ ಆರೋಗ್ಯ ಕಾರ್ಯಕ್ರಮ ಮಾಡಿ. ಅಜ್ಜಿ ತಮ್ಮ ಮನೆಯ ನಲ್ಲಿಯ ಕಥೆ ತಾವೇ ಹೇಳಲಿ. ಎದುರಿನವರಿಗೂ ಉತ್ತರ ಕೊಡುವ ಜಾಗ ಇಡಿ. ಇದನ್ನು ತಪ್ಪು ಅಂತ ಯಾರಾದರೂ ನೋಟಿಸ್ ಕೊಟ್ಟರೆ ನನಗೆ ಬರೆಯಿರಿ, ಫೀಸು ಬೇಡ.

ನಿವೃತ್ತ ನೌಕರ:
ಇದು ಸರಿಯಾದ ದಾರಿ. ಪಂಚಾಯ್ತಿಯವರನ್ನೂ ಕೂರಿಸಿ. ಅವರಿಗೂ ಪೈಪ್ ಒಡೆದದ್ದು ಗೊತ್ತಿಲ್ಲದೆ ಇರಬಹುದು. ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಎಷ್ಟೋ ಸಲ ದೂರು ಮೇಲಕ್ಕೆ ಬರುವುದೇ ಇಲ್ಲ.

ಹ್ಯಾಮ್ ಹುಡುಗ:
ನೀರು ಪರೀಕ್ಷೆಯ ಎಚ್‌2ಎಸ್ ಬಾಟಲಿ ಸಿಗುತ್ತದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ ಸಾಕು, ಹೊಲಸು ಸೇರಿದ್ದರೆ ಕಪ್ಪಾಗುತ್ತದೆ. ಕಾರ್ಯಕ್ರಮದಲ್ಲೇ ಮಾಡಿ ತೋರಿಸಿ. ತೋರಿಸೋದು ಅಂದರೆ, ಕೇಳಿಸಿ.

ಬಾನುಲಿ ಗೆಳತಿ:
ಎಲ್ಲರಿಗೂ ಒಂದು ವಿಷಯ ತಿಳಿಸಬೇಕು, ಅದಕ್ಕೆ ಐದು ದಿನದ ಮೇಲೆ ಮತ್ತೆ ಬಂದಿದ್ದೇನೆ.

ಫೋನ್ ನಂಬರ್ ಇತ್ತು, ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಯಾರು ಅಂತ ಹೇಳಿದ ಕೂಡಲೇ ಕೇಳಿದ್ದು, "ಅವತ್ತು ನನ್ನ ಮಾತು ಯಾಕೆ ನುಂಗಿದೆ ಮಗ?" ನನಗೆ ಗಂಟಲು ಕಟ್ಟಿತು. ನಿಯಮ, ಲೈಸೆನ್ಸ್ ಅಂತೆಲ್ಲ ಹೇಳಿದೆ. ಅವರು ಕಾಯಿ ಬಿಡಿಸುತ್ತಲೇ, "ನೀರಿಗೂ ಲೈಸೆನ್ಸ್ ಕೇಳ್ತಾರಾ?" ಅಂದರು.

ಎರಡು ಬಾಟಲಿ ತಗೊಂಡು ಹೋಗಿದ್ದೆ. ಒಂದರಲ್ಲಿ ಅವರ ನಲ್ಲಿ ನೀರು, ಇನ್ನೊಂದರಲ್ಲಿ ಬಾವಿ ನೀರು. ಮಾರನೆಯ ದಿನ ಸಂಜೆಗೆ ನಲ್ಲಿ ನೀರಿನ ಬಾಟಲಿ ಕಪ್ಪಾಗಿತ್ತು. ಬಾವಿಯದ್ದು ಹಾಗೇ ಇದೆ. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ ಅದೇ ಜಗಲಿಯಲ್ಲಿ ಇಪ್ಪತ್ತು ನಿಮಿಷ ಮುದ್ರಿಸಿಕೊಂಡೆ. ಅಜ್ಜಿ ಒಂದೇ ಷರತ್ತು ಹಾಕಿದ್ದಾರೆ, ಅವತ್ತು ಅರ್ಧಕ್ಕೆ ನಿಂತ ಹೋಳಿಗೆ ಮೊದಲು ಬರಬೇಕು, ನೀರು ಆಮೇಲೆ.

ಗುರುವಾರ ಸಂಜೆ ಆರೂವರೆಗೆ ಪ್ರಸಾರ. ಪಂಚಾಯ್ತಿಗೆ ಪತ್ರ ಕೊಟ್ಟು, ಹತ್ತು ನಿಮಿಷ ನಿಮಗೆ ಇಟ್ಟಿದ್ದೇವೆ, ಬಂದು ಮಾತಾಡಿ ಅಂತ ಕೇಳಿಕೊಂಡಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಧಾರವಾಡದ ಮಾವ:
ಗುರುವಾರದ್ದು ನಮಗ ಕೇಳ್ಸೂದಿಲ್ಲವಾ, ನಿಮ್ಮ ಅಲೆ ಇಲ್ಲೀತನಾ ಬರೂದಿಲ್ಲ. ಮುದ್ರಿಸಿದ್ದನ್ನ ಇಲ್ಲಿ ಹಾಕು.